ರೇಟು ಇಳಿದ ಗಾಡಿ

ಗಾಡಿಯ ರೇಟು ಅರವತ್ತು ಸಾವಿರಕ್ಕೆ ಇಳಿದಿದೆ ಎಂದು ದಲ್ಲಾಳಿ ವೀರಪ್ಪ ಬೆಳಿಗ್ಗೆ ಹೋಟೆಲಿನ ಫೋನಿಗೆ ಕರೆ ಮಾಡಿ ಹೇಳಿದ್ದೇ ರಾಜೇಶ ಹೊರಟುಬಿಟ್ಟಿದ್ದ. ಖುಷಿಯಿಂದಲ್ಲ. ಖುಷಿಯಾಗಿದ್ದರೆ ಗುರುತು ಸಿಗುತ್ತಿತ್ತು. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನ ಕೊನೇ ಸೀಟಿನಲ್ಲಿ ಕೂತು, ಬನಿಯನ್ನಿಗೆ ಒಳಗಿನಿಂದ ಹೊಲಿದುಕೊಂಡ ಜೇಬನ್ನು ಮೊಣಕೈಯಿಂದ ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದ. ಎಂಬತ್ತೆಂಟು ಸಾವಿರ. ಆರು ವರ್ಷ ಬೇರೆಯವರ ಜೀಪು ಓಡಿಸಿ ಉಳಿಸಿದ್ದು. ಐದು ವಾರದ ಹಿಂದೆ ಈ ದುಡ್ಡು ಸಾಕಾಗುತ್ತಿತ್ತು, ಆಮೇಲೆ ಸಾಲದೆ ಹೋಯಿತು, ಇವತ್ತು ಮಿಕ್ಕುತ್ತಿತ್ತು. ಜೇಬಿನಲ್ಲಿದ್ದದ್ದು ಮಾತ್ರ ಅಷ್ಟೇ. "ಎಂತ ಡ್ರೈವರ್ ಸಾಹೇಬ್ರು, ಇವತ್ತು ನಮ್ಮ ಡಕೋಟ ಹತ್ತಿಬಿಟ್ರಲ್ಲ" ಎಂದು ಕಂಡಕ್ಟರ್ ಟಿಕೆಟ್ ಹರಿಯುತ್ತ ನಕ್ಕ. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ನಾಳೆಯಿಂದ ಹತ್ತಲ್ಲ ಮಾರಾಯ, ನಾಳೆಯಿಂದ ನಿನ್ನ ಬಸ್ಸಿನ ಹಿಂದೆ ಹಾರನ್ನು ಹೊಡೀತೀನಿ, ದಾರಿ ಬಿಡು ಅಂತ — ಇಷ್ಟು ಬಾಯಿಯ ತನಕ ಬಂದದ್ದು ಹೊರಗೆ ಬರಲಿಲ್ಲ. ಬಾಯಿ ತೆಗೆದರೆ ಬೇರೇನೋ ಬಂದುಬಿಡಬಹುದೆಂದು ಈಚೆಗೆ ಹೆದರಿಕೆಯಾಗುತ್ತಿತ್ತು.

ಜೂನ್ ಒಂದಕ್ಕೆ ಇನ್ನು ಒಂಬತ್ತು ದಿನ. ಕೊಪ್ಪದಲ್ಲಿ ಸಣ್ಣ ಮಕ್ಕಳ ಶಾಲೆ ನಡೆಸುವ ಪ್ರೇಮಕ್ಕ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಮೇಗುಂದದ ಕಡೆಯಿಂದ ಹದಿನಾಲ್ಕು ಮಕ್ಕಳಿದಾವೆ. ಒಂದನೇ ತಾರೀಕು ನಿನ್ನ ಸ್ವಂತ ಗಾಡಿ ಗೇಟಿನ ಎದುರು ನಿಂತಿದ್ರೆ ರೂಟು ನಿಂದು. ಇಲ್ದಿದ್ರೆ ಬೇರೆಯವ್ರು ಕೇಳ್ತಾ ಇದಾರೆ." ಆಮೇಲೆ ಒಂದು ಫಾರಂ ಮುಂದಿಟ್ಟು, ಪೆನ್ನು ಹಿಡಿದುಕೊಂಡೇ, "ಎಷ್ಟರ ತನಕ ಓದಿದೀಯೋ?" ಎಂದಳು. ಎಂಟು ಎಂದ. "ಪಾಸಾ?" ಎಂದಳು. ಪಕ್ಕದಲ್ಲಿದ್ದ ಟೀಚರು ಕಿಟಕಿಯ ಕಡೆ ಮುಖ ತಿರುಗಿಸಿದಳು, ನಗಲಿಕ್ಕೆ ಇರಬೇಕು. ಶಾಲೆ ಎಂಬುದು ಅವನನ್ನು ಹದಿನೈದು ವರ್ಷದ ಹಿಂದೆ ಬೆಂಚಿನ ಮೇಲೆ ನಿಲ್ಲಿಸಿ ಹೊರಗೆ ಹಾಕಿತ್ತು. ಈಗ ಅಂಥದೇ ಇನ್ನೊಂದು ಶಾಲೆಯ ಗೇಟಿನೆದುರು ಸ್ಟೇರಿಂಗು ಹಿಡಿದು ಕೂರುತ್ತೇನೆ, ಹದಿನಾಲ್ಕು ಮಕ್ಕಳು ನನ್ನನ್ನು ರಾಜೇಶಣ್ಣ ಅನ್ನುತ್ತವೆ, ತಿಂಗಳಿಗೆ ತಿಂಗಳು ದುಡ್ಡು ಈ ಪ್ರೇಮಕ್ಕನೇ ಎಣಿಸಿ ಕೊಡುತ್ತಾಳೆ ಎಂದುಕೊಂಡು ಅವತ್ತು ಪಾಸು ಎಂದು ಸುಳ್ಳು ಹೇಳಿದ್ದ. ಅದು ಸಣ್ಣ ಸುಳ್ಳು. ಅದಕ್ಕೆ ಯಾರ ಹೆಣವೂ ಬೇಕಾಗಿರಲಿಲ್ಲ.

ಗಾಡಿ ಕರಿಬಸವಯ್ಯನವರದು. ಜನರ ಬಾಯಲ್ಲಿ ಎನ್ನಾರ್‌ಪುರವಾದ ನರಸಿಂಹರಾಜಪುರದ ಪೇಟೆಯಲ್ಲಿ ಅವರದು ಮೊಳೆ, ತಗಡು, ಹಗ್ಗದ ಅಂಗಡಿ. ತೊಂಬತ್ತೇಳನೇ ಮಾಡೆಲ್ ಬಿಳೀ ಓಮ್ನಿ, ಅಂಗಡಿಯ ಪಕ್ಕದ ತಗಡಿನ ಶೀಟಿನ ಕೆಳಗೆ ಧೂಳು ಕೂಡ ಕೂರದ ಹಾಗೆ ನಿಂತಿತ್ತು. ಮೊದಲ ದಿನ ರಾಜೇಶ ಕೀಲಿ ತಿರುಗಿಸಿದ್ದೇ ಅರ್ಧ ಸುತ್ತಿಗೆ ಎದ್ದಿತು ಇಂಜಿನ್ನು. ಎದೆಯೊಳಗೆ ಯಾರೋ ಹೌದು ಎಂದ ಹಾಗಾಯಿತು. ಎಂಬತ್ತೈದು, ಎಂದರು ಕರಿಬಸವಯ್ಯ. ಜೇಬಿನಲ್ಲಿ ಎಂಬತ್ತೆಂಟಿತ್ತು. ಆಗಲೇ ಹೂಂ ಅಂದಿದ್ದರೆ! ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ ಅವನು ಸೀಟಿನ ಕಂಬಿಯನ್ನು ಹಲ್ಲು ಕಚ್ಚಿ ಹಿಡಿದ. ಆದರೆ ಹಾಗೆ ಯಾರು ಅನ್ನುತ್ತಾರೆ? ಎಮ್ಮೆಯಾಗಲಿ ಹೆಣ್ಣಾಗಲಿ ಗಾಡಿಯಾಗಲಿ, ಮೊದಲ ಮಾತಿಗೇ ಒಪ್ಪಿಕೊಂಡವನನ್ನು ಈ ಕಡೆ ದಡ್ಡ ಎನ್ನುತ್ತಾರೆ. ಬೇಕು ಎಂಬುದನ್ನು ಮುಖದಲ್ಲಿ ತೋರಿಸಬಾರದು. ತಾನೇ ಕೇಳಬಾರದು, ಬೇರೆಯವರಿಂದ ಕೇಳಿಸಬೇಕು. ಆ ಬೇರೆಯವರು ಕೂಡ ಮತ್ಯಾರಿಗೋ ಬೇಕಂತೆ ಎಂಬ ಹಾಗೆ ಕೇಳಬೇಕು. ಅವನ ಅಪ್ಪ ಸಾಯುವವರೆಗೂ ಒಂದು ಕತ್ತಿಯನ್ನು ಕೂಡ ನೆಟ್ಟಗೆ ಕೇಳಿ ಕೊಂಡವನಲ್ಲ. ರಾಜೇಶನೂ ಅವತ್ತು "ನೋಡಾನ ಬಿಡಿ ಅಯ್ನೋರೆ" ಎಂದು ಮೂಗು ಮುರಿದು, ಟೈರಿಗೆ ಸುಮ್ಮನೆ ಒಂದು ಒದೆ ಕೊಟ್ಟು, ಹಿಂತಿರುಗಿ ನೋಡದೆ ಬಂದಿದ್ದ. ಬಸ್‌ಸ್ಟ್ಯಾಂಡು ಮುಟ್ಟಿದ ಮೇಲೆ ಮಾತ್ರ ಒಮ್ಮೆ ತಿರುಗಿ ನೋಡಿದ್ದ.

ಆಮೇಲೆ ವೀರಪ್ಪನನ್ನು ಕಳಿಸಿದ. ವೀರಪ್ಪ ಹಿಂದೆ ದನದ ದಲ್ಲಾಳಿ. ದನ ಕೊಳ್ಳುವವರು ಕಡಿಮೆಯಾದ ಮೇಲೆ ಗಾಡಿಗೆ ಇಳಿದವನು. ಬಾನೆಟ್ಟು ಎತ್ತುವಾಗ ಈಗಲೂ ಎತ್ತಿನ ಬಾಯಿ ಅಗಲಿಸಿ ಹಲ್ಲು ನೋಡುವವನ ಹಾಗೇ ಬಗ್ಗುತ್ತಾನೆ. ಎದುರು ಸಿಕ್ಕಾಗ ರೇಟನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲಿನ ಕೆಳಗೆ ಕೈ ಹಾಕಿ ಬೆರಳು ಒತ್ತುತ್ತಾನೆ. ಮೂರು ದಿನ ಬಿಟ್ಟು ಬಂದು ಕೊಪ್ಪದ ಹೋಟೆಲಿನಲ್ಲಿ, ಸುತ್ತ ಯಾರೂ ಇಲ್ಲದಿದ್ದರೂ, ಟವೆಲಿನ ಕೆಳಗೆ ರಾಜೇಶನ ಬೆರಳು ಹಿಡಿದ. ತೊಂಬತ್ತೆರಡು. "ಎಂಬತ್ತೈದು ಇತ್ತಲ್ಲ ಮಾರಾಯ!" "ಇತ್ತು. ಇನ್ನೊಂದು ಪಾರ್ಟಿ ಬಂದದೆ. ಶೃಂಗೇರಿ ಕಡೇದು. ಯಾರಂತ ಅಯ್ಯ ಬಾಯಿ ಬಿಡಲ್ಲ." ಮುಂದಿನ ವಾರ ಲಕ್ಷದ ಎರಡು. ಅದರ ಮುಂದಿನ ವಾರ ಲಕ್ಷದ ಹತ್ತು. ಪ್ರತಿ ಸಲ ರಾಜೇಶ, ಕೈಯಲ್ಲಿಲ್ಲದ ದುಡ್ಡಾದರೂ ಹಟಕ್ಕೆ, ವೀರಪ್ಪನ ಕೈಯಲ್ಲಿ ಎರಡೋ ಮೂರೋ ಸಾವಿರ ಏರಿಸಿ ಹೇಳಿ ಕಳಿಸಿದರೆ ಆ ಶೃಂಗೇರಿಯವನು ಐದೋ ಏಳೋ ಏರಿಸುತ್ತಿದ್ದ. ಆ ಮನುಷ್ಯನನ್ನು ರಾಜೇಶ ಎಂದೂ ನೋಡಿರಲಿಲ್ಲ, ಆದರೆ ಅವನ ಕೊರಳಿನ ಮಡಿಕೆಯ ಬೆವರು ಗೊತ್ತಿತ್ತು, ಎರಡು ಬೆರಳಿನ ಉಂಗುರ ಗೊತ್ತಿತ್ತು. ಅಡಿಕೆಗೆ ರೇಟು ಬಂತು ಅಂತ ಹೆಂಡತಿಯನ್ನು ದೇವಸ್ಥಾನಕ್ಕೆ ಕರೆದೊಯ್ಯಲಿಕ್ಕೆ ಒಂದು ಗಾಡಿ ಇರಲಿ ಎಂದು ಹೊರಟವನು. ಅವನಿಗೆ ಅದು ಅವಲಕ್ಕಿಯ ಜೊತೆ ಉಪ್ಪಿನಕಾಯಿ. ಶೃಂಗೇರಿ ಸ್ಟ್ಯಾಂಡಿನಲ್ಲಿ ಜೀಪು ನಿಲ್ಲಿಸಿಕೊಂಡು ಹೊಟ್ಟೆ ಇರುವ ಪ್ರತಿಯೊಬ್ಬನನ್ನೂ, ನೀನೇ ಏನೋ, ನೀನೇ ಏನೋ, ಎಂದು ನೋಡುತ್ತ ನೋಡುತ್ತ ಒಂದು ಮಧ್ಯಾಹ್ನ, ಬೋಂಡ ತಿನ್ನುತ್ತಿದ್ದ ಡ್ರೈವರುಗಳ ಮಧ್ಯೆ, ಅವನ ಬಾಯಿ ತಾನೇ ತೆರೆದುಕೊಂಡಿತ್ತು.

"ಎನ್ನಾರ್‌ಪುರದ ಆ ಬಿಳೀ ಓಮ್ನಿಯಾ? ಅದಕ್ಕೆಂತಕ್ಕೆ ಬಾಯಿ ಬಿಡ್ತಾರೋ ಜನ. ಅದ್ರಲ್ಲೊಂದು ಮಗು ಸತ್ತದೆ ಮಾರಾಯ. ಆಸ್ಪತ್ರೆಗೆ ಒಯ್ತಾ ದಾರೀಲೇ. ಹಿಂದಿನ ಸೀಟಲ್ಲೇ."

ಅಷ್ಟೇ. ಇಪ್ಪತ್ತು ಮಾತಿಲ್ಲ. ಯಾಕೆ ಮಗು ಎಂದೆ? ಮುದುಕ ಅನ್ನಬಹುದಿತ್ತು. ಅವತ್ತು ತಲೆಯಲ್ಲಿ ಹಿಂದಿನ ಸೀಟಿನ ತುಂಬ ಮಕ್ಕಳೇ ಕೂತಿದ್ದವು, ಹದಿನಾಲ್ಕು, ನೀರಿನ ಬಾಟಲಿ ನೇತುಹಾಕಿಕೊಂಡು; ಅದರಲ್ಲಿ ಒಂದನ್ನು ಎತ್ತಿ ಕೊಟ್ಟುಬಿಟ್ಟ ಹಾಗಾಯಿತು. ನಾಲ್ಕು ದಿನಕ್ಕೆ ಮಾತು ಅವನ ಹತ್ತಿರವೇ ವಾಪಸು ಬಂತು, ಬಾಳೆಹೊನ್ನೂರಿನ ಡ್ರೈವರೊಬ್ಬನ ಬಾಯಲ್ಲಿ. ಹೆಣ್ಣು ಮಗುವಂತೆ. ಹಳದಿ ಫ್ರಾಕಂತೆ. ತಾಯಿ ಕೂಗಿದ್ದು ಮೂರು ಊರಿಗೆ ಕೇಳಿತಂತೆ. ರಾಜೇಶ ಹಳದಿ ಎಂದಿರಲಿಲ್ಲ. ಹಾಗಾದರೆ ಹಳದಿ ಎಲ್ಲಿಂದ ಬಂತು? ಯಾರೋ ನೋಡಿರಬೇಕಲ್ಲ? ಜೀಪಿನ ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಾಗಲೆಲ್ಲ ಅವನು ಕಣ್ಣು ರಸ್ತೆಗೆ ಎಳೆದುಕೊಳ್ಳತೊಡಗಿದ.

ಮೊನ್ನೆ ಸಂಜೆ ಜಲಜಮ್ಮ, ಅವನ ತಾಯಿ, ಅಂಗಳದಲ್ಲಿ ಸೊಪ್ಪು ಹೆಚ್ಚುತ್ತ ಅವನ ಮುಖ ನೋಡದೆ ಮಾತು ತೆಗೆದಳು. ದುಡ್ಡಿನ ವಿಷಯ ತಾಯಿಮಗ ನೇರ ಆಡಿಕೊಳ್ಳುವುದು ನಿಂತು ಎರಡು ವರ್ಷವಾಗಿತ್ತು. ನಿನ್ನ ಒಂದು ಪೈಸೆ ನನಗೆ ಬೇಡ ಎಂದು ಅವನೇ ಒಮ್ಮೆ ತಟ್ಟೆ ಎಸೆದಿದ್ದ. "ನಿಂಗೆ ಹೇಳಬಾರ್ದು ಅಂತಲೇ ಇದ್ದೆ. ಹಲಸಿನ ಮರ ಕೊಟ್ಟಿದ್ದು ಹುಳ ಬಿದ್ದು ಅಲ್ಲ. ನಲವತ್ತು ಸಾವಿರ ಬಂತು. ನಿಮ್ಮ ಮಾವನ ಕೈಲಿ ಕೊಟ್ಟು, ಎನ್ನಾರ್‌ಪುರದಾಗೆ ಒಂದು ಓಮ್ನಿ ಅದ್ಯಂತೆ, ಹುಡುಗನಿಗೆ ಗೊತ್ತಾಗದ ಹಂಗೆ ರೇಟು ಮುರಿದು ಬಾ, ಮಿಕ್ಕಿದ್ದು ಅವನೇ ಹಾಕ್ಕಂತಾನೆ ಅಂದಿದ್ದೆ. ನಿನ್ನ ಹೆಸರು ಹೇಳಿದ್ರೆ ಏರಿಸ್ತಾರೆ ಅಂತ ಅವನೂ ಬಾಯಿ ಬಿಡಲಿಲ್ಲ. ಯಾರೋ ದರಿದ್ರದವ್ನು ದಲ್ಲಾಳಿ ಕಳ್ಸಿ ಏರಿಸ್ತಾನೇ ಇದ್ನಂತೆ. ಹೋಗ್ಲಿ, ಒಳ್ಳೇದೇ ಆತು ಬಿಡು. ಅದು ಹೆಣದ ಗಾಡಿಯಂತೆ. ಮಗೂದು."

ಮಾವ ಹೂವಪ್ಪ. ಶೃಂಗೇರಿ ಹತ್ತಿರದ ನೆಮ್ಮಾರಿನವನು. ಕಡ್ಡಿಯ ಹಾಗೆ ಇರುವ ಮನುಷ್ಯ, ಬೆರಳಲ್ಲಿ ಉಂಗುರವಿಲ್ಲ, ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡು ಎರಡು ಬಸ್ಸು ಬದಲಾಯಿಸಿ ನರಸಿಂಹರಾಜಪುರಕ್ಕೆ ನಾಲ್ಕು ಸಲ ಹೋಗಿ ಬಂದಿದ್ದ. ರಾಜೇಶ ಏರಿಸಿದ್ದಕ್ಕೆ ಅವನು ಏರಿಸಿದ, ಅವನು ಏರಿಸಿದ್ದಕ್ಕೆ ರಾಜೇಶ. ಒಂದೇ ಮನೆಯ ಎರಡು ಕೈ, ಒಂದೇ ಟವೆಲಿನ ಕೆಳಗೆ. ಆಗ ಹೇಳಬೇಕಿತ್ತು. ಅಮ್ಮಾ ಆ ದರಿದ್ರದವನು ನಾನು, ಆ ಹೆಣವೂ ನಂದೇ. ಹೇಳುವ ಬದಲು, "ಹೆಣ ಗಿಣ ಎಲ್ಲ ಸುಳ್ಳಿರಬಹುದು" ಎಂದ. ಜಲಜಮ್ಮ ಕತ್ತಿಯನ್ನು ಮಣೆಯ ಮೇಲಿಟ್ಟಳು. "ಸುಳ್ಳಾ? ನಿಮ್ಮ ಮಾವನ ಪಕ್ಕದ ಮನೆಯವರು ಕಣ್ಣಾರೆ ಕಂಡಿದಾರೆ ಕಣೋ. ನೀ ಬೇಕಾರೆ ತಗ. ಊರಿಗೆ ನಾನು ಹೇಳಲ್ಲ. ಆದ್ರೆ ಬೇರೆಯವ್ರ ಮಕ್ಕಳನ್ನ ಅದ್ರಲ್ಲಿ ಕೂರಿಸ್ತಿ ಅಂದ್ರೆ, ನಾನಂತೂ ಕೂರಲ್ಲ."

ಬಸ್ಸು ಇಳಿದ. ಬಿಸಿಲು ತಗಡಿನ ಮೇಲೆ ಬಿದ್ದು ಅಂಗಡಿಯೊಳಗೆಲ್ಲ ಬಿಳಿ ಉರಿಯಿತ್ತು. ಕರಿಬಸವಯ್ಯ ಗಲ್ಲಾದ ಹಿಂದೆ ಕೂತಿದ್ದರು, ಹಣೆಯ ವಿಭೂತಿ ಬೆವರಿಗೆ ಒಂದು ಕಡೆ ಅಳಿಸಿತ್ತು. ಐದು ವಾರದಲ್ಲಿ ಮುಖ ಇಳಿದಿತ್ತು. "ಬಾರಪ ಮೇಗುಂದದವ್ನೆ. ಮೊದ್ಲು ಬಂದವ್ನೂ ನೀನೆ, ಕೊನೇಗೆ ಬಂದವ್ನೂ ನೀನೆ. ಕೂತ್ಕ." ಕೂತ. ಅರವತ್ತು ಎಣಿಸಿ ಇಟ್ಟು, ಕಾಗದ ತೆಗೆದುಕೊಂಡು, ಹೊರಟುಬಿಡಬೇಕು. ಬಣ್ಣ ಬದಲಾಯಿಸಬೇಕು. ಹಸಿರು. ಕೈ ಅಂಗಿಯ ಗುಂಡಿಗೆ ಹೋಯಿತು.

"ತಡಿ" ಎಂದರು ಕರಿಬಸವಯ್ಯ. "ಒಂದು ಮಾತು. ನಾನು ವ್ಯಾಪಾರ ಮಾಡೋನು, ಸುಳ್ಳು ಹೇಳಲ್ಲ ಅಂತಲ್ಲ. ಆದ್ರೆ ಇದು ಹಂಗಲ್ಲ. ಆಗ ನಂಗೊಬ್ಬ ಡ್ರೈವರ್ ಇದ್ದ, ಈಗ ದುಬೈಗೆ ಹೋಗ್ಯಾನೆ. ಊರಲ್ಲಿ ಯಾರಿಗೆ ಹುಷಾರಿಲ್ದಿದ್ರೂ ಕೀಲಿ ಕೊಟ್ಟು ಕಳಿಸ್ತಿದ್ದೆ. ಹೋದ್ರಾ, ಮುಟ್ಟಿದ್ರಾ, ಬದುಕಿದ್ರಾ, ಒಂದೂ ಕೇಳಿದವ್ನಲ್ಲ. ಈಗ ಊರೆಲ್ಲ ಅಂತದೆ ಒಂದು ಕೂಸು ಸತ್ತದೆ ಅಂತ. ನಮ್ಮನೆಯವ್ಳು ಬಸವಮ್ಮ ಹತ್ತು ದಿನದಿಂದ ಆ ಶೀಟಿನ ಕಡೆ ಹೋಗಲ್ಲ. ನೀನು ಗಾಡಿ ಜನದ ಮಧ್ಯೆ ಇರೋನು, ನಿನ್ನ ಕಿವಿಗೂ ಬಿದ್ದಿರ್ಬೇಕು. ಸುಳ್ಳಾದ್ರೆ ಗಾಡಿ ಲಕ್ಷದ ಹತ್ತು, ಒಂದು ಪೈಸೆ ಬಿಡಲ್ಲ. ನಿಜ ಆದ್ರೆ ಅರವತ್ತಕ್ಕೆ ಒಯ್ಯಿ. ನೀನೇ ಹೇಳಪ."

ಹೊರಗೆ ಯಾರೋ ತಗಡು ಎಳೆದು ಹಾಕಿದರು. ಆ ಸದ್ದು ನಿಲ್ಲುವವರೆಗೆ ಸಮಯವಿತ್ತು. ಸತ್ಯ ಹೇಳಲಿಕ್ಕೆ ತನ್ನ ಹತ್ತಿರ ಇಪ್ಪತ್ತೆರಡು ಸಾವಿರ ಕಡಿಮೆಯಿದೆ ಎಂದು ಅವನಿಗೆ ಎಷ್ಟು ಬೇಗ ಲೆಕ್ಕ ಸಿಕ್ಕಿತೆಂದರೆ, ಎಂಟನೇ ಕ್ಲಾಸಿನ ಲೆಕ್ಕದ ಮೇಷ್ಟರು ಇದ್ದಿದ್ದರೆ ಬೆಂಚಿನಿಂದ ಇಳಿಸುತ್ತಿದ್ದರು.

"ನಿಜ, ಅಯ್ನೋರೆ."

ಕರಿಬಸವಯ್ಯ ಕಣ್ಣು ಮುಚ್ಚಿದರು. ತುಟಿ ಏನೋ ಅಲುಗಿತು. ಕಣ್ಣು ತೆರೆದಾಗ ಕೇಳಿದರು: "ಆ ಕೂಸಿನ ಮನೆ ಗೊತ್ತೇನ?" ಇಲ್ಲ ಎನ್ನಲು ಹೊರಟ. ಮನೆ ಗೊತ್ತಿಲ್ಲದವನ ನಿಜ ಎಂಥ ನಿಜ? "ಗೊತ್ತು" ಎಂದ. ಅವರು ಎದ್ದೇಬಿಟ್ಟರು, ಒಳಗಿನ ಬಾಗಿಲಿಗೆ ಹೋಗಿ, "ಬಸಮ್ಮಾ, ಸೀರೆ ತಾ" ಎಂದರು. ಅಂದರೆ ಸೀರೆ ತೆಗೆದಿಟ್ಟೇ ಇತ್ತು. ಒಂದು ಚಿಪ್ಪು ಬಾಳೆಹಣ್ಣೂ ಬಂತು. "ಆ ತಾಯಿ ಕೈಗೆ ಇದನ್ನ ಕೊಟ್ಟು, ತಪ್ಪಾತವ್ವ ಅಂತ ಕೈ ಮುಗ್ದು, ಆಮೇಲೆ ನಿಂಗೆ ಕಾಗ್ದ. ನಂಗೆ ಗಾಡಿ ಓಡಿಸೋಕೆ ಬರಲ್ಲ. ನೀನೇ ನಡೆಸು."

ಹಾಗೆ ಅವನು ಕಡೆಗೂ ಆ ಸ್ಟೇರಿಂಗು ಹಿಡಿದ. ಅರ್ಧ ಸುತ್ತಿಗೆ ಎದ್ದಿತು ಇಂಜಿನ್ನು. ಗೇರು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿತ್ತು, ಏರಿನಲ್ಲಿ ಒಂದು ಚೂರೂ ನರಳಲಿಲ್ಲ, ಇಂಥ ಗಾಡಿಯನ್ನು ಅವನು ಜನ್ಮದಲ್ಲಿ ಓಡಿಸಿರಲಿಲ್ಲ, ಮತ್ತು ಅದಕ್ಕೆ ಹೋಗಿ ಮುಟ್ಟಲು ಒಂದು ಮನೆ ಇರಲಿಲ್ಲ. ಕೊಪ್ಪದ ರಸ್ತೆ. ಪಕ್ಕದಲ್ಲಿ ಕರಿಬಸವಯ್ಯ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಕವಲು ಬಂದಾಗಲೆಲ್ಲ "ಯಾವ ಕಡೆ?" ಎನ್ನುತ್ತಿದ್ದರು. ಎಡಕ್ಕೆ, ಎನ್ನುತ್ತಿದ್ದ. "ಇನ್ನೆಷ್ಟು ದೂರ?" "ಇಲ್ಲೇ ಮುಂದೆ." ಎಲ್ಲಾದರೂ ಗಾಡಿ ಕೆಡಲಿ ಎಂದು ಬೇಡಿಕೊಂಡ. ಕೆಡುವ ಗಾಡಿಯಾಗಿರಲಿಲ್ಲ. ಮನೆಗೆ ಬೀಗ ಹಾಕಿದೆ ಅನ್ನಬಹುದು. ಊರು ಬಿಟ್ಟು ಹೋಗಿದ್ದಾರೆ ಅನ್ನಬಹುದು. ಹೌದು, ಅದೇ. ಯಾವುದಾದರೂ ಮುಚ್ಚಿದ ಬಾಗಿಲು ಸಿಕ್ಕರೆ ಸಾಕು. ಆದರೆ ಮೇ ತಿಂಗಳ ಮಧ್ಯಾಹ್ನ, ಎಲ್ಲ ಮನೆಯ ಬಾಗಿಲೂ ತೆರೆದಿತ್ತು. ಕನ್ನಡಿಯನ್ನು ನೋಡಬಾರದೆಂದು ಕತ್ತು ಬಿಗಿಹಿಡಿದಿದ್ದ. ಮಣ್ಣಿನ ರಸ್ತೆಯೊಂದರ ಕೊನೆಯಲ್ಲಿ ಹೆಂಚಿನ ಮನೆ, ಬಾಗಿಲು ಮುಚ್ಚಿದ ಹಾಗೆ ಕಂಡಿತು. ನಿಲ್ಲಿಸಿದ.

ಮುಚ್ಚಿರಲಿಲ್ಲ. ಮನೆಯ ಮಗ್ಗುಲಿನಿಂದ ಒಬ್ಬ ಹೆಂಗಸು ಬಂದಳು, ಚಾಪೆಯ ಮೇಲೆ ಹಲಸಿನ ಹಪ್ಪಳ ಹರವುತ್ತಿದ್ದವಳು, ಕೈಯೆಲ್ಲ ಎಣ್ಣೆ. ಅವನು ಬಾಯಿ ತೆಗೆಯುವುದರೊಳಗೆ ಕರಿಬಸವಯ್ಯ ಇಳಿದಾಗಿತ್ತು. ಎರಡೂ ಕೈಯಲ್ಲಿ ಸೀರೆ, ಹಣ್ಣು ಹಿಡಿದು, ತಲೆ ತಗ್ಗಿಸಿ ಅವಳ ಎದುರು ನಿಂತರು.

"ಯಾರು? ಎಂತ ಬೇಕಿತ್ತು?" ಎಂದಳು.

"ತಾಯೀ, ನಿನ್ನ ಕೂಸಿನ ವಿಷ್ಯ..." ಎಂದರು ಅವರು. ಸೀರೆಯನ್ನು ಇನ್ನಷ್ಟು ಮುಂದೆ ಚಾಚಿದರು.

ಹೆಂಗಸು ಅವರನ್ನು ನೋಡಿದಳು, ಸೀರೆಯನ್ನು ನೋಡಿದಳು, ಹಿಂದೆ ನಿಂತ ಬಿಳೀ ಗಾಡಿಯನ್ನು ನೋಡಿದಳು. "ಯಾವ ಕೂಸು? ನನ್ನ ಕೂಸು ಅಜ್ಜಿ ಮನೆಗೆ ಹೋಗಿದೆ. ಶೃಂಗೇರಿಗೆ. ರಜೆಗೆ ಹೋಗಿದೆ... ಎಂತ ಆಯ್ತು? ಹೊಳೆಗೆ ಹೋಗಿತ್ತಾ? ಹೇಳಿ! ನನ್ನ ಕೂಸಿಗೆ ಎಂತ ಆಯ್ತು?" ಅವಳು ಕೂತುಬಿಟ್ಟಳು, ಚಾಪೆಯ ಅಂಚಿನ ಮೇಲೆ, ಹಸಿ ಹಪ್ಪಳಗಳ ಮೇಲೇ. ಬಾಯಿ ತೆರೆದಿತ್ತು, ಸ್ವರ ಇನ್ನೂ ಬಂದಿರಲಿಲ್ಲ. ಆ ಸ್ವರ ಬಂದರೆ ಮೂರು ಊರಿಗೆ ಕೇಳುತ್ತದೆ ಎಂದು ರಾಜೇಶನಿಗೆ ಗೊತ್ತಿತ್ತು.

ಅವನು ಗಾಡಿಯಿಂದ ಹಾರಿ ಇಳಿದ. "ಇಲ್ಲ ಅಕ್ಕಾ! ಎಂತದೂ ಆಗಿಲ್ಲ! ಯಾರೂ ಸತ್ತಿಲ್ಲ! ಸುಳ್ಳು ಅಯ್ನೋರೆ, ನಾನೇ ಹೇಳಿದ್ದು, ಶೃಂಗೇರಿ ಸ್ಟ್ಯಾಂಡಲ್ಲಿ, ರೇಟು ಇಳೀಲಿ ಅಂತ. ಈ ಮನೆ ಯಾರದಂತ ನಂಗೆ ಗೊತ್ತಿಲ್ಲ. ಅಕ್ಕಾ, ನಿಮ್ಮ ಕೂಸು ಚೆನ್ನಾಗಿದೆ." ಹೆಂಗಸು ಅವನ ಕಾಲರ್ ಹಿಡಿದಳು, ಎಣ್ಣೆ ಕೈಯಲ್ಲಿ. "ಚೆನ್ನಾಗಿದೆ ಅಂತ ನಿಂಗೆ ಹೆಂಗೆ ಗೊತ್ತು?" ಎಂದಳು. "ಫೋನ್ ಮಾಡಿ ಕೇಳಾನ ಅಕ್ಕ" ಎಂದ.

ಒಂದು ಮೈಲಿ ಹಿಂದೆ ರಸ್ತೆ ಬದಿಯ ಅಂಗಡಿಯಲ್ಲಿ ರೂಪಾಯಿ ಹಾಕಿ ಮಾತಾಡುವ ಫೋನಿತ್ತು. ಅವಳು ಹಿಂದಿನ ಸೀಟಿನಲ್ಲಿ ಕೂತು ಬಂದಳು, ಮಂಡಿಯ ಮೇಲೆ ಎರಡೂ ಮುಷ್ಟಿ ಇಟ್ಟುಕೊಂಡು. ರಾಜೇಶ ನಾಣ್ಯ ಕೊಟ್ಟ. ಅವಳ ಬೆರಳು ಜಾರಿ ನಂಬರು ಎರಡು ಸಲ ತಪ್ಪಿತು. ಮೂರನೆಯ ಸಲ ಅತ್ತ ಕಡೆ ಗಂಟೆ ಬಾರಿಸುವುದು ಹೊರಗೆ ನಿಂತ ಇವರಿಗೂ ಕೇಳುತ್ತಿತ್ತು. ಬಾರಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಹೊಳೆಗೆ ಹೋಗಿತ್ತಾ ಎಂದಿದ್ದಳು. ತುಂಗಾ ಹೊಳೆಯ ಮೆಟ್ಟಿಲು, ಮೀನು ನೋಡಲು ಬಗ್ಗುವ ಮಕ್ಕಳು, ಎಷ್ಟು ಸಲ ಜೀಪು ನಿಲ್ಲಿಸಿ ಅವನೇ ಕಂಡಿದ್ದ. ತನ್ನ ಮಾತು ಇಷ್ಟು ಊರು ತಿರುಗಿ, ಫ್ರಾಕಿಗೆ ಬಣ್ಣ ಹಚ್ಚಿಕೊಂಡು, ಮನೆ ಹುಡುಕಿಕೊಂಡು ಬಂದಿದೆ. ಇನ್ನು ಮಗುವನ್ನು ಹುಡುಕಿಕೊಳ್ಳುವುದು ಅದಕ್ಕೆಷ್ಟು ಹೊತ್ತು? ಎತ್ತಲಿ, ದೇವರೇ, ಯಾರಾದರೂ ಎತ್ತಲಿ. ಗಾಡಿ ಬೇಡ, ರೂಟು ಬೇಡ.

"ಹಲೋ" ಎಂದಳು ಹೆಂಗಸು. "ಅಮ್ಮಾ, ಅವಳೆಲ್ಲಿ? ಕರಿ. ಇಲ್ಲ, ಈಗ್ಲೇ ಕರಿ." ಆಮೇಲೆ ಅತ್ತ ಕೂಸಿನ ಸ್ವರ ಬಂದದ್ದೇ, ಸಿಟ್ಟಿನಿಂದ ಎಂಬ ಹಾಗೆ, "ಎಂತ ತಿಂದ್ಯೇ? ಮಾವಿನಹಣ್ಣು ಎಷ್ಟು ತಿಂದೆ? ಹೊಟ್ಟೆ ನೋವು ಬರ್ತದೆ ನೋಡು" ಎನ್ನತೊಡಗಿದಳು. ಬೆನ್ನು ಅಲುಗುತ್ತಿತ್ತು.

ಕರಿಬಸವಯ್ಯ ಅಂಗಡಿಯ ಕಟ್ಟೆಯ ಮೇಲೆ ಕೂತರು. "ಹಂಗಾದ್ರೆ ನನ್ನ ಗಾಡೀಲಿ ಯಾರೂ ಸತ್ತಿಲ್ಲ?" "ಇಲ್ಲ ಅಯ್ನೋರೆ." ಮತ್ತೆ ಕೇಳಿದರು, "ಯಾರೂ ಇಲ್ಲ?" "ಯಾರೂ ಇಲ್ಲ." ಅವರ ಮುಖ ಮೊದಲು ಸಡಿಲವಾಯಿತು, ಆಮೇಲೆ ನಿಧಾನಕ್ಕೆ ಕೆಂಪಾಯಿತು. "ಹಲ್ಕಾ ನನ್ಮಗನೆ. ಹತ್ತು ದಿನ ನಿದ್ದೆ ಮಾಡಿಲ್ಲ ಕಣೋ ನಾನು. ಊಟ ಸೇರಿಲ್ಲ. ಲಕ್ಷದ ಹದಿನೈದು."

"ಆಯ್ತು" ಎಂದ ರಾಜೇಶ.

ಅವರು ತಲೆಯೆತ್ತಿ ನೋಡಿದರು. "ಎಲ್ಲಿಂದ ತರ್ತಿ?"

"ನಮ್ಮಮ್ಮನ ಹತ್ರ ನಲವತ್ತಿದೆ. ಕೇಳ್ಬೇಕು. ಎಲ್ಲ ಹೇಳಿ ಕೇಳ್ಬೇಕು. ಕೊಡ್ತಾಳೋ ಇಲ್ವೋ." ಶೃಂಗೇರಿ ಸ್ಟ್ಯಾಂಡಿಗೂ ಹೋಗಿ ಹೇಳಬೇಕಾಗುತ್ತದೆ, ಬೋಂಡದ ಅಂಗಡಿಯೆದುರು, ಅಷ್ಟೂ ಜನರ ಮುಂದೆ, ಯಾರೂ ನಂಬುವುದಿಲ್ಲ, ಹಳದಿ ಫ್ರಾಕು ಎಲ್ಲಿಂದ ಬಂತು ಹಾಗಾದರೆ ಎನ್ನುತ್ತಾರೆ.

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಕರಿಬಸವಯ್ಯ ಸೀರೆ ಮುಂದೆ ಹಿಡಿದರು, ಅವಳು ಕೈ ಚಾಚಲಿಲ್ಲ. ರಾಜೇಶ ಹಿಂದಿನ ಬಾಗಿಲು ಎಳೆದು ತೆರೆದ. "ಹತ್ತಿ ಅಕ್ಕ, ಮನೆಗೆ ಬಿಡ್ತೀನಿ." ಅವಳು ಒಳಗಿನ ಸೀಟನ್ನು ಒಮ್ಮೆ ನೋಡಿದಳು, ತಾನು ಕೂತು ಬಂದ ಜಾಗವನ್ನೇ.

"ಬ್ಯಾಡ. ನಾ ನಡ್ಕಂಡು ಹೋಗ್ತೀನಿ" ಎಂದಳು.

ಬಿಸಿಲಿತ್ತು, ಅವಸರದಲ್ಲಿ ಚಪ್ಪಲಿ ಹಾಕದೆ ಬಂದಿದ್ದಳು. ಟಾರು ಸುಡುತ್ತಿದ್ದುದರಿಂದ ರಸ್ತೆಯ ಅಂಚಿನ ಹುಲ್ಲಿನ ಮೇಲೆ ಬೇಗ ಬೇಗ ಹೆಜ್ಜೆ ಹಾಕಿದಳು. ರಾಜೇಶ ಗಾಡಿ ಎಬ್ಬಿಸಿದ. ನೆಟ್ಟಗೆ ಹೋದರೆ ನರಸಿಂಹರಾಜಪುರ. ಅವನು ಅವಳು ಹೋದ ಕಡೆಗೆ ತಿರುಗಿಸಿದ. ಫಸ್ಟ್ ಗೇರಿನಲ್ಲಿ, ಕ್ಲಚ್ಚಿನ ಮೇಲೆ ಕಾಲಿಟ್ಟು, ಅವಳಿಗಿಂತ ಹತ್ತು ಮಾರು ಹಿಂದೆ ನಡೆಸತೊಡಗಿದ. ಅವಳು ತಿರುಗಿ ನೋಡಲಿಲ್ಲ. ಹಿಂದಿನಿಂದ ಬಂದ ಬಸ್ಸೊಂದು ಹಾರನ್ನಿನ ಮೇಲೆ ಹಾರನ್ನು ಹೊಡೆದು, ಬೈದು, ದಾಟಿಕೊಂಡು ಹೋಯಿತು. ಪಕ್ಕದಲ್ಲಿ ಕೂತ ಕರಿಬಸವಯ್ಯ, ಇಂಜಿನ್ನಿನ ಕಾವು ಸೀಟಿನ ಕೆಳಗಿನಿಂದ ಏರುತ್ತಿದ್ದರೂ, ಬೇಗ ಹೋಗು ಎನ್ನಲಿಲ್ಲ.